ಹಿತ್ತಲ ಕೋಣೆಗೆ ಕೊಟ್ಟ ಅಳತೆ

ಜನವರಿ ೧೯

ಇವರನ್ನು ಆಸ್ಪತ್ರೆಯಿಂದ ಕರೆದುಕೊಂಡು ಬಂದು ಒಂದು ವಾರವಾಯಿತು. ಮನೆ ಮನೆಯಾಗಿ ಉಳಿದಿಲ್ಲ. ಮುಖ್ಯರಸ್ತೆಯಲ್ಲಿದ್ದ ಕುರ್ಚಿ ರಿಪೇರಿ ಅಂಗಡಿಯನ್ನು ಬಿಟ್ಟುಕೊಟ್ಟಿದ್ದಾಯಿತು. ಅದರೊಳಗಿದ್ದ ಗರಗಸ, ಉಳಿ, ಸುತ್ತಿಗೆ, ಅರ್ಧಕ್ಕೆ ನಿಂತ ಕುರ್ಚಿಗಳು, ಇವರು ದಿನಾ ಅಂಗಡಿ ತೆಗೆಯುವ ಮೊದಲು ಎತ್ತಿ ಇಳಿಸುತ್ತಿದ್ದ ಕಬ್ಬಿಣದ ಡಂಬೆಲ್ಲುಗಳು, ಎಲ್ಲವೂ ನಡುಮನೆಗೆ ಬಂದು ಬಿದ್ದಿವೆ. ನನ್ನ ಹೊಲಿಗೆ ಮಿಷನ್ನು ಅಡುಗೆಮನೆಯ ಬಾಗಿಲಿಗೆ ಹೋಗಿದೆ. ಶಾಲೆ ಮಕ್ಕಳ ಯೂನಿಫಾರಮ್ಮಿಗೆಲ್ಲ ಈರುಳ್ಳಿ ವಾಸನೆ. ಹಾಕಿಕೊಂಡ ಮಕ್ಕಳಿಗೆ ಪಾಠದ ಮಧ್ಯೆ ಹಸಿವಾದರೆ ನನ್ನನ್ನು ಬೈಯಬಾರದು.

ಬಲಗೈ ಬಲಗಾಲು ಎರಡೂ ಇವರ ಮಾತು ಕೇಳುತ್ತಿಲ್ಲ. ಬಾಯಿಯೂ ಅರ್ಧ. ನೀರು ಕೇಳಬೇಕಾದರೆ ಹಣೆಯಲ್ಲಿ ಬೆವರು ಬರುತ್ತದೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಲಕ್ವದಲ್ಲಿ ಮೊದಲ ಆರು ತಿಂಗಳು ಮುಖ್ಯ ಅಮ್ಮ. ಬರೋದು ಹೆಚ್ಚುಕಡಿಮೆ ಅಷ್ಟರಲ್ಲೇ ಬರುತ್ತೆ. ದಿನಾ ವ್ಯಾಯಾಮ ಮಾಡಿಸಿ" ಅಂದರು. ಮಾಡಿಸುತ್ತೇನೆ. ನನ್ನ ಕೈಗೆ ಸಿಕ್ಕಿದ ಮೇಲೆ ಮಾಡದೆ ಎಲ್ಲಿಗೆ ಹೋಗುತ್ತಾರೆ.

ಪಾತ್ರೆ ತೊಳೆಯುತ್ತ ಕಿಟಕಿಯಿಂದ ಹಿತ್ತಲು ನೋಡುತ್ತಿದ್ದಾಗ ಹೊಳೆಯಿತು. ಎಷ್ಟು ವರ್ಷದಿಂದ ಇವರದು ಒಂದೇ ರಾಗ: ಹಿತ್ತಲಲ್ಲಿ ಒಂದು ಕೋಣೆ ಹಾಕೋಣ, ಅರ್ಧ ಕಸರತ್ತಿಗೆ, ಅರ್ಧ ಕೆಲಸಕ್ಕೆ, ಬಾಡಿಗೆಗೆ ಬರೋ ಆ ಅಂಗಡಿ ಮಾಲೀಕನ ಮುಖ ನೋಡೋದು ತಪ್ಪುತ್ತೆ. ನಾನೇ ಬೇಡ ಅನ್ನುತ್ತಿದ್ದೆ, ಬಟ್ಟೆ ಒಣಗಿಸುವ ಜಾಗ ಹೋಗುತ್ತದೆ ಅಂತ. ಈಗ ಹಾಕಿಸುತ್ತೇನೆ. ಒಂದು ಕಡೆ ಹಿಡಿದುಕೊಂಡು ನಡೆಯಲು ಕಂಬಿ, ಇನ್ನೊಂದು ಕಡೆ ಕೆಲಸದ ಮೇಜು. ಮೇಜು ಕಣ್ಣೆದುರಿಗಿದ್ದರೆ ಎದ್ದು ನಿಂತು ಅದರ ಹತ್ತಿರ ಹೋಗುವ ಆಸೆ ತಾನಾಗಿ ಬರುತ್ತದೆ.

ಜನವರಿ ೨೧

ವ್ಯಾಯಾಮ ಮಾಡಿಸಲು ವಾರಕ್ಕೆ ಎರಡು ಸಲ ಒಬ್ಬಾಕೆ ಬರುತ್ತಾಳೆ. ಬಾಯಿ ತೆಗೆದರೆ "ಒಂದು, ಎರಡು, ಒಂದು, ಎರಡು." ಮೂರು ಬರುವುದೇ ಇಲ್ಲ. ಒಂದು-ಎರಡು ಮೇಡಂ ಅಂತ ಹೆಸರಿಟ್ಟಿದ್ದೇನೆ. ಇವರ ಎದುರಿಗೇ ಹೇಳಿದೆ. ಇವರ ಬಾಯಿಯ ಎಡತುದಿ ಸ್ವಲ್ಪ ಅಲುಗಿತು. ನಗುವೇ ಇರಬೇಕು.

ಕೋಣೆಯ ವಿಚಾರ ಆಕೆಗೆ ಹೇಳಿದೆ. "ಒಳ್ಳೇದು ಆಂಟಿ. ಆದರೆ ಅವರು ಒಬ್ಬರೇ ಒಳಗೆ ಹೋಗಿ ಬರೋ ಹಾಗಿರಲಿ" ಅಂದಳು.

ಅದಕ್ಕಾಗಿಯೇ ಕಣಮ್ಮ ನಾನು ಇಷ್ಟೆಲ್ಲ ಮಾಡುವುದು.

ಜನವರಿ ೩೦

ಊರ ಹೊರಗೆ ರೆಡಿ ಕೋಣೆಗಳನ್ನು ಮಾರುವ ಜಾಗಕ್ಕೆ ಇವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿದ್ದೆವು. ಗಾಡಿ ಓಡಿಸಿದ್ದು ಮಗಳು. ಬಯಲಿನಲ್ಲಿ ಸಾಲಾಗಿ ಕೋಣೆಗಳು, ಒಂದೊಂದಕ್ಕೂ ಒಂದು ಬೀಗ, ಒಳಗೆ ಯಾರೂ ಇಲ್ಲ. ನೋಡಿದರೆ ಒಂದು ಥರಾ ಆಯಿತು.

ಮಾರುವವನು ತಗಡಿನದನ್ನು ಮೊದಲು ತೋರಿಸಿದ. ಒಳಗೆ ನಿಂತು ಕೆಮ್ಮಿದೆ, ಕೆಮ್ಮು ನಾಲ್ಕು ಸಲ ವಾಪಸು ಬಂತು. ಸುತ್ತಿಗೆ ಹೊಡೆದರೆ ಅಕ್ಕಪಕ್ಕದವರು ಮನೆ ಖಾಲಿ ಮಾಡುತ್ತಾರೆ. ಬಿಸಿಲಿಗೆ ಒಳಗೆ ಬೇಯುವುದು ಬೇರೆ. ಆಮೇಲೆ ಹಡಗಿನಲ್ಲಿ ಸಾಮಾನು ಸಾಗಿಸುವ ಕಬ್ಬಿಣದ ಪೆಟ್ಟಿಗೆಗೆ ಕಿಟಕಿ ಕೊರೆದಿಟ್ಟಿದ್ದ. ಗಟ್ಟಿ ಏನೋ ಗಟ್ಟಿ, ಆದರೆ ಎರಡು ಕೈ ಚಾಚಿದರೆ ಗೋಡೆ. ಅದರಲ್ಲಿ ಉದ್ದ ಹಲಗೆಯನ್ನು ತಿರುಗಿಸುವುದು ಹೇಗೆ?

ಕೊನೆಗೆ ಮರದವು, ಎರಡು ನಮೂನೆ. ಒಂದು ತಗ್ಗಿನದು, ಸಿಮೆಂಟು ನೆಲದ ಮೇಲೆ ನೇರವಾಗಿ ಕೂರುತ್ತದೆ. ಅಗಲ ಜಾರುಬಾಗಿಲು, ಹೊಸ್ತಿಲೇ ಇಲ್ಲ. ಇನ್ನೊಂದು ಗಿಡ್ಡ ಕಂಬಗಳ ಮೇಲೆ ಎತ್ತರಿಸಿದ್ದು, ಎರಡು ಮೆಟ್ಟಿಲು ಹತ್ತಬೇಕು. ದಪ್ಪ ಹಲಗೆಯ ನೆಲ, ತಲೆಯ ಮೇಲಿನ ಮಾಡೂ ಎತ್ತರ.

ಮಾರುವವನು ಇವರ ತಲೆಯ ಮೇಲಿಂದ ನನ್ನನ್ನು ನೋಡಿ, "ಇವರಿಗೆ ನಾವು ಹೇಳೋದು ತಿಳಿಯುತ್ತಾ ಅಮ್ಮ?" ಅಂದ.

"ಕತ್ತೆ" ಅಂದರು ಇವರು.

ತೊದಲಿಲ್ಲ, ಬೆವರಲಿಲ್ಲ. ಒಂದೇ ಸಲಕ್ಕೆ, ಗಾಜಿನಷ್ಟು ಸ್ಪಷ್ಟವಾಗಿ. ಲಕ್ವ ಹೊಡೆದ ಮೇಲೆ ಮೊದಲ ಪೂರ್ತಿ ಮಾತು. ಮಗಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾನಂತೂ ಆ ಮಾರುವವನಿಗೆ ಕೈ ಮುಗಿಯುವುದೊಂದು ಬಾಕಿ. ಪಾಪ, ಅವನ ಮುಖ ನೋಡಬೇಕಿತ್ತು.

ಬರುವಾಗ ಇವರ ಎಡಗೈ ತಗ್ಗಿನ ಕೋಣೆಯ ಕಡೆ ತೋರಿಸುತ್ತಲೇ ಇತ್ತು. ಅದರ ಮರ ಚೆನ್ನಾಗಿದೆ ಅನ್ನುತ್ತಿದ್ದರು ಅಂತ ಕಾಣುತ್ತದೆ. ಮರ ಕಂಡರೆ ಮುಟ್ಟದೆ ಬರುವವರಲ್ಲ.

ಫೆಬ್ರವರಿ ೨

ಎತ್ತರದ್ದನ್ನೇ ಗೊತ್ತು ಮಾಡಿದೆ. ಸುಮ್ಮನೆ ಅಲ್ಲ, ನಾನೂ ಲೆಕ್ಕ ಹಾಕಿದ್ದೇನೆ. ನೆಲಕ್ಕೆ ಅಂಟಿಕೊಂಡ ಕೋಣೆಗೆ ಮಳೆಗಾಲದಲ್ಲಿ ಶೀತ ಏರುತ್ತದೆ, ಉಳಿ ಗರಗಸಗಳಿಗೆಲ್ಲ ತುಕ್ಕು. ಡಂಬೆಲ್ಲು ಇಟ್ಟರೆ ನೆಲ ಗಟ್ಟಿ ಬೇಕು. ತೋಳು ಎತ್ತಿ ಕಬ್ಬಿಣ ಹಿಡಿದರೆ ಮಾಡಿಗೆ ತಗಲಬಾರದು. ಇವರು ಕೈ ಎತ್ತಿದರೆ ಎಷ್ಟು ಎತ್ತರ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಮದುವೆಯಾದಾಗಿನಿಂದ ಇವರ ಅಂಗಿ ಹೊಲಿದಿರುವುದು ನಾನು. ಇವರ ಅಳತೆ ನನ್ನ ಬಾಯಲ್ಲಿದೆ.

ಮಗಳು ಫೋನಿನಲ್ಲಿ ಜಗಳಕ್ಕೇ ಬಂದಳು. "ಅಮ್ಮ, ಮೆಟ್ಟಿಲಿರೋದು ಯಾಕೆ? ಅಪ್ಪ ವೀಲ್‌ಚೇರಲ್ಲಿದ್ದಾರೆ."

"ಈಗ ಇದ್ದಾರೆ."

"ಆ ಜಾರುಬಾಗಿಲಿಂದು ಎಷ್ಟು ಸಲೀಸಿತ್ತು."

"ಅದು ರೋಗಿಗಳ ಬಾಗಿಲು ಕಣೇ. ಆಸ್ಪತ್ರೆಗೆ ಇರುತ್ತಲ್ಲ, ಹಾಗೆ. ಅದನ್ನ ದಿನಾ ನೋಡ್ತಾ ಇದ್ರೆ ಇರೋ ಧೈರ್ಯಾನೂ ಹೋಗುತ್ತೆ."

"ಅಪ್ಪ ಏನಂದ್ರು?"

"ಅಪ್ಪ ಕತ್ತೆ ಅಂದ್ರು. ಇನ್ನೇನು ಹೇಳ್ಬೇಕು?"

ಅವಳು ಫೋನಿಟ್ಟಳು. ಸಿಟ್ಟು ಮೂಗಿನ ತುದಿಯಲ್ಲಿ. ಯಾರ ಮಗಳು ಅಂತ ಬೇರೆ ಹೇಳಬೇಕಾಗಿಲ್ಲ.

ನನ್ನ ಕಸುಬಿನಲ್ಲಿ ಬೆಳೆಯುವ ಮಕ್ಕಳಿಗೆ ಇವತ್ತಿನ ಅಳತೆಗೆ ಯಾರೂ ಹೊಲಿಯುವುದಿಲ್ಲ. ಮುಂದೆ ಆಗುವ ಮೈಗೆ ಹೊಲಿದು, ಒಳಗೆ ಮಡಿಚಿ ಬಟ್ಟೆ ಬಿಡುತ್ತೇವೆ. ಇವತ್ತಿಗೆ ಸರಿಯಾಗಿ ಹೊಲಿದರೆ ಶಾಲೆ ಮುಗಿಯುವುದರೊಳಗೆ ಬಿಗಿಯಾಗಿ ಹರಿಯುತ್ತದೆ. ಕೋಣೆಯೂ ಅಷ್ಟೆ.

ಫೆಬ್ರವರಿ ೫

ಮೇಜು ಮಾಡುವ ಬಡಗಿ ಬಂದಿದ್ದ. ಎಷ್ಟು ಎತ್ತರ ಅಂದ. ನಿಂತ ಗಂಡಸಿನ ಮೊಣಕೈಗಿಂತ ಸ್ವಲ್ಪ ಕೆಳಗೆ, ಇವರ ಹಳೆಯ ಅಂಗಡಿಯಲ್ಲಿದ್ದ ಹಾಗೆ ಅಂದೆ. ಅವನು ಗಾಲಿಕುರ್ಚಿ ನೋಡಿದ, ನನ್ನನ್ನು ನೋಡಿದ, ತಲೆ ಕೆರೆದುಕೊಂಡ. "ಬರ್ಕೋ" ಅಂದೆ. ಬರೆದುಕೊಂಡ.

ಫೆಬ್ರವರಿ ೨೬

ಕೋಣೆ ನಿಂತಿತು. ಲಾರಿಯಲ್ಲಿ ಹಲಗೆ ಹಲಗೆಯಾಗಿ ಬಂದು ಸಂಜೆಯೊಳಗೆ ಕೋಣೆಯಾಗಿಬಿಟ್ಟಿತು. ಇವರು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿಯಲ್ಲಿ ಕೂತು ಪೂರ್ತಿ ನೋಡಿದರು. ಒಬ್ಬ ಆಳು ಮೊಳೆ ಓರೆ ಹೊಡೆದಾಗ ಗಂಟಲಿನಿಂದ ಸದ್ದು ಮಾಡಿದರು. ನನಗೆ ಅಷ್ಟು ಖುಷಿಯಾಯಿತು.

ನಡುವೆ ಅರ್ಧ ಗೋಡೆ, ಮರದ ಪುಡಿ ಕಸರತ್ತಿನ ಕಡೆ ಹಾರದಿರಲಿ ಅಂತ. ಆ ಕಡೆ ನಡೆಯುವ ಕಂಬಿ, ಗೋಡೆಗೆ ಕನ್ನಡಿ, ಡಂಬೆಲ್ಲು. ಈ ಕಡೆ ಮೇಜು, ಉಳಿಗಳನ್ನು ಸಾಲಾಗಿ ನೇತುಹಾಕಿದೆ. ಅಂಗಡಿಯಲ್ಲಿ ಯಾವುದು ಎಲ್ಲಿತ್ತೋ ಹಾಗೇ. ಹೊಸ ಮರದ ವಾಸನೆ ಇಡೀ ಹಿತ್ತಲಿಗೆ.

ಮಾರ್ಚ್ ೧

ಇವತ್ತು ಒಳಗೆ ಕರೆದುಕೊಂಡು ಹೋದೆವು. ಮಗಳು ಒಂದು ಕಡೆ, ಪಕ್ಕದ ಮನೆಯ ಪೊಲೀಸು ಇನ್ನೊಂದು ಕಡೆ ಹಿಡಿದು ಕುರ್ಚಿ ಸಮೇತ ಎರಡು ಮೆಟ್ಟಿಲು ಎತ್ತಿದರು. ಎತ್ತುವಾಗ ಇವರು ಕಣ್ಣು ಮುಚ್ಚಿಕೊಂಡಿದ್ದರು. ತಲೆ ಸುತ್ತಿರಬೇಕು.

ಮೇಜಿನ ಮುಂದೆ ಕುರ್ಚಿ ನಿಲ್ಲಿಸಿದೆ. ಮೇಜಿನ ಹಲಗೆ ಸರಿಯಾಗಿ ಇವರ ಗದ್ದಕ್ಕೆ ಬಂತು. ಮಗು ಊಟದ ಟೇಬಲ್ಲಿಗೆ ಕೂತ ಹಾಗೆ ಕಂಡರು. ಎಡಗೈಯನ್ನು ಎತ್ತಿ ಹಲಗೆಯ ಮೇಲೆ ಇಟ್ಟರು, ಸ್ವಲ್ಪ ಹೊತ್ತು ಇಟ್ಟಿದ್ದರು, ತೆಗೆದು ಮಡಿಲಿಗೆ ಹಾಕಿಕೊಂಡರು. ಪೊಲೀಸು ಬೇರೆ ಕಡೆ ನೋಡಿದ.

"ಎದ್ದು ನಿಂತರೆ ಸರಿಯಾಗತ್ತೆ ರೀ" ಅಂದೆ.

ಕಂಬಿಯ ಕಡೆಗೆ ಕರೆದುಕೊಂಡು ಹೋಗಿ, ಸೊಂಟ ಹಿಡಿದು ಎಬ್ಬಿಸಿ ನಿಲ್ಲಿಸಿದೆ. ನಿಂತರು. ಕನ್ನಡಿಯಲ್ಲಿ ಇಬ್ಬರೂ ಕಂಡೆವು. ಇವರು ಕನ್ನಡಿ ನೋಡಲೇ ಇಲ್ಲ. ನಾಳೆಯಿಂದ ಶುರು.

ಮಾರ್ಚ್ ೧೯

ದಿನಾ ಬೆಳಿಗ್ಗೆ, ಸಂಜೆ. ಮೆಟ್ಟಿಲನ್ನು ಈಗ ನಾನೊಬ್ಬಳೇ ಹತ್ತಿಸುತ್ತೇನೆ, ಸೊಂಟಕ್ಕೆ ದಪ್ಪ ಬಟ್ಟೆಯ ಪಟ್ಟಿ ಹೊಲಿದು ಕಟ್ಟಿದ್ದೇನೆ, ಅದನ್ನು ಹಿಡಿದು. ಎಡಗಾಲು ಇವರು ಇಡುತ್ತಾರೆ, ಬಲಗಾಲು ನಾನು ಇಡುತ್ತೇನೆ. ಮೆಟ್ಟಿಲೂ ಒಂದು ವ್ಯಾಯಾಮವೇ.

ಕಂಬಿ ಹಿಡಿದು ಆ ತುದಿಯಿಂದ ಈ ತುದಿಗೆ ಬರುತ್ತೇವೆ. ಬಲಗೈಗೆ ಚಿಕ್ಕ ಡಂಬೆಲ್ಲು ಕಟ್ಟಿ ಎತ್ತುತ್ತೇವೆ. ಮೊದಲೆಲ್ಲ ನಾಲ್ಕು ಸಲಕ್ಕೆ ಸುಸ್ತಾಗುತ್ತಿತ್ತು, ಈಗ ಎಷ್ಟು ಹೊತ್ತಾದರೂ ಏನೂ ಅನ್ನಿಸುವುದಿಲ್ಲ. ನನ್ನ ತೋಳು ನೋಡಿ ಮಗಳು, "ಅಮ್ಮ, ನಿನ್ನ ರವಿಕೆ ತೋಳು ಬಿಗಿಯಾಗಿದೆ" ಅಂದಳು. ಬಿಚ್ಚಿ ಅಗಲ ಮಾಡಿಕೊಳ್ಳಬೇಕು.

ಇವರು ಮಾತು ಕಡಿಮೆ ಮಾಡಿದ್ದಾರೆ. ಮಾತಿಗೆ ಹೋಗುವ ಶಕ್ತಿ ಕಾಲಿಗೆ ಹೋಗಲಿ ಬಿಡು.

ಏಪ್ರಿಲ್ ೪

ಇವರಿಗೊಂದು ಹೊಸ ಅಂಗಿ ಹೊಲಿದೆ. ಕೋಣೆಯಲ್ಲಿ ಕೆಲಸ ಶುರು ಮಾಡುವ ದಿನ ಹಾಕಿಕೊಳ್ಳಲಿ ಅಂತ. ಬಾಯಲ್ಲಿದ್ದ ಅಳತೆಗೇ ಕತ್ತರಿಸಿದೆ. ಹಾಕಿ ನೋಡಿದರೆ ಬಲಭುಜ ಜಾರಿ ಮೊಣಕೈ ಹತ್ತಿರ ಬಂತು, ಕುತ್ತಿಗೆಯಲ್ಲಿ ಎರಡು ಬೆರಳು ಹೋಗುವಷ್ಟು ಜಾಗ.

ಟೇಪು ತಂದು ಅಳೆದೆ. ಎಲ್ಲ ಕಡಿಮೆ ಬಂತು. ಟೇಪು ಹಳೆಯದು, ಎಳೆದು ಎಳೆದು ಉದ್ದವಾಗಿಬಿಟ್ಟಿದೆ. ಬಟ್ಟೆಯ ಟೇಪಿನ ಹಣೆಬರಹವೇ ಅಷ್ಟು. ಹೊಸದು ತರಬೇಕು.

ಏಪ್ರಿಲ್ ೨೨

ಹೊಸ ಟೇಪು ತಂದೆ. ಇವರನ್ನು ಅಳೆಯಲು ಹೊತ್ತು ಸಿಗಲಿಲ್ಲ.

ಮೇ ೧೧

ಇವತ್ತು ನನಗೆ ಪಿತ್ತ ನೆತ್ತಿಗೇರಿತು. ಕಂಬಿಯ ಮಧ್ಯದಲ್ಲಿ ನಿಂತುಬಿಟ್ಟರು. ಬರುವುದಿಲ್ಲ ಅಂತ ತಲೆ ಅಲ್ಲಾಡಿಸಿದರು. "ಇನ್ನು ನಾಲ್ಕು ಹೆಜ್ಜೆ ಅಷ್ಟೇ" ಅಂದೆ. ಇಲ್ಲ. "ಮಗು ಥರಾ ಹಟ ಮಾಡ್ಬೇಡಿ" ಅಂದೆ. ಇಲ್ಲ. ಬಲಗಾಲನ್ನು ನಾನೇ ಎತ್ತಿ ಮುಂದೆ ಇಟ್ಟೆ, ಎಡಗಾಲನ್ನು ನನ್ನ ಕಾಲಿನಿಂದ ತಳ್ಳಿದೆ. ಹಾಗೇ ಆ ತುದಿಗೆ ಮುಟ್ಟಿಸಿದೆ. ಅಲ್ಲಿಗೆ ಬಂದಾಗ ಇವರ ಕಣ್ಣಲ್ಲಿ ನೀರಿತ್ತು.

ನೋವಿಗೆ ಬಂದ ನೀರು. ನೋವು ಅಂದರೆ ಜೀವ ಇದೆ ಅಂತ, ಒಂದು-ಎರಡು ಮೇಡಂ ಹೇಳಿದ್ದಾಳೆ.

ಜೂನ್ ೩

ಮೆಟ್ಟಿಲಲ್ಲಿ ಬಿದ್ದರು.

ಇಳಿಯುವಾಗ. ಮಳೆ ಬಂದು ಮರ ಒದ್ದೆಯಾಗಿತ್ತು. ಸೊಂಟದ ಪಟ್ಟಿ ನನ್ನ ಕೈಯಲ್ಲೇ ಇತ್ತು, ಹಿಡಿದೇ ಇದ್ದೆ, ಆದರೂ ಬಿದ್ದರು, ನನ್ನನ್ನೂ ಎಳೆದುಕೊಂಡು. ನಾನು ಎದ್ದೆ. ಇವರು ಕೆಸರಿನಲ್ಲಿ ಮುಖ ಅಡಿಯಾಗಿ ಹಾಗೇ. ಎಳೆದರೆ ಬರಲಿಲ್ಲ. ಇಷ್ಟು ದಿನ ಕಬ್ಬಿಣ ಎತ್ತಿದ ತೋಳು ನನ್ನದು, ಒಬ್ಬ ಮನುಷ್ಯನನ್ನು ಮಗ್ಗುಲಾಗಿಸಲು ಆಗಲಿಲ್ಲ. ಗೋಡೆಯ ಮೇಲಿಂದ ಪೊಲೀಸನನ್ನು ಕೂಗಿದೆ.

ಮೂಳೆ ಮುರಿದಿಲ್ಲ. ಪಂಚೆ ಒದ್ದೆಯಾಗಿತ್ತು, ಮಳೆಯದಲ್ಲ. ಪೊಲೀಸು ಎತ್ತುವಾಗ ಅವನಿಗೂ ಗೊತ್ತಾಯಿತು. ಇವರು ಅವನ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಮೈ ತೊಳೆದು ಬಟ್ಟೆ ಬದಲಿಸುವಾಗ ಒಂದೇ ಮಾತು.

"ಸಾಕು."

ಏನು ಸಾಕು ಅಂತ ನಾನು ಕೇಳಲಿಲ್ಲ. ಧೈರ್ಯ ಬರಲಿಲ್ಲ.

ಜೂನ್ ೬

ಒಂದು-ಎರಡು ಮೇಡಂ ಬಂದು ಕೈಕಾಲೆಲ್ಲ ಮಡಚಿ ನೋಡಿದಳು. ಆಮೇಲೆ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತು, "ಆಂಟಿ, ನಿಲ್ಲಿಸೋದು ನಡೆಸೋದು ಇನ್ನು ಬೇಡ. ಕಾಲು ಎಷ್ಟು ಬರಬೇಕೋ ಅಷ್ಟು ಬಂದಿದೆ ಅಂತ ಅನ್ಸುತ್ತೆ. ಎಡಗೈ ಗಟ್ಟಿ ಇದೆ, ಮಾತೂ ಬರ್ತಿದೆ. ಅದನ್ನ ಹಿಡ್ಕೊಂಡು ಮುಂದೆ ಹೋಗೋಣ" ಅಂದಳು.

"ನಿಮಗೆ ಬೇರೆ ಮನೆಗಳಿಲ್ವಾ ಮೇಡಂ?" ಅಂದೆ.

ಅವಳಿಗೆ ಬೇಜಾರಾಯಿತು. ಚಪ್ಪಲಿ ಹಾಕಿಕೊಂಡು ಹೊರಟುಹೋದಳು. ಇರಲಿ. ಡಾಕ್ಟರು ಆರು ತಿಂಗಳು ಅಂದಿದ್ದಾರೆ, ಇನ್ನೂ ಮುಗಿದಿಲ್ಲ.

ಜೂನ್ ೯

ಊಟ ಅರ್ಧ ಬಿಟ್ಟರು.

ಜೂನ್ ೧೧

ಪೂರ್ತಿ ಬಿಟ್ಟರು. ಚಮಚ ಬಾಯಿಯ ಹತ್ತಿರ ಹಿಡಿದರೆ ತುಟಿ ಬಿಗಿ. ನಾನು ಎದ್ದು ಹಿತ್ತಲ ಕೋಣೆಗೆ ಹೋಗಿ ದೊಡ್ಡ ಡಂಬೆಲ್ಲು ಎತ್ತಿದೆ, ಇಳಿಸಿದೆ, ಎತ್ತಿದೆ, ಇಳಿಸಿದೆ. ಕನ್ನಡಿಯಲ್ಲಿ ಒಬ್ಬಳು ಹೆಂಗಸು ಹುಚ್ಚು ಹಿಡಿದವಳ ಹಾಗೆ ಕಬ್ಬಿಣ ಎತ್ತುತ್ತಿದ್ದಳು.

ಜೂನ್ ೧೫

ಮಗಳು ಬಂದವಳು ನನ್ನನ್ನು ಒಂದು ಮಾತೂ ಕೇಳದೆ ಮೆಟ್ಟಿಲಿನ ಮೇಲೆ ಉದ್ದ ಹಲಗೆಗಳನ್ನು ಹಾಸಿ ಇಳಿಜಾರು ಮಾಡಿಸಿದಳು. ನಾನು ಮಿಷನ್ನು ತುಳಿಯುತ್ತಾ ನೋಡಿಯೂ ನೋಡದ ಹಾಗಿದ್ದೆ. ಹೋಗುವಾಗ ಇವರ ಬಾಯಿಗೆ ಗಂಜಿ ಹಾಕಿದಳು, ತಿಂದರು. ಮಗಳ ಕೈಯಿಂದ ತಿನ್ನುತ್ತಾರೆ. ನನ್ನ ಕೈಗೇನು ವಿಷ ಅಂಟಿದೆಯೋ.

ಜೂನ್ ೨೪

ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ.

ಮಧ್ಯಾಹ್ನ ನಾನು ಯೂನಿಫಾರಮ್ಮಿಗೆ ಗುಂಡಿ ಹಾಕುತ್ತಿದ್ದೆ. ಇವರು ಕಿಟಕಿಯ ಹತ್ತಿರ ಕೂತು ಹಿತ್ತಲು ನೋಡುತ್ತಿದ್ದರು. ಇದ್ದಕ್ಕಿದ್ದ ಹಾಗೆ ತಿರುಗಿ, "ಗರಗಸ ಕೊಡು" ಅಂದರು. ಎರಡೂ ಶಬ್ದ ಸ್ಪಷ್ಟ. ಎಷ್ಟು ದಿನದ ಮೇಲೆ ಬಾಯಿಬಿಟ್ಟು ಕೇಳಿದ ಮೊದಲ ವಸ್ತು.

"ಯಾವುದಕ್ಕೆ?" ಅನ್ನಬೇಕಾಗಿತ್ತು. ಅನ್ನಲಿಲ್ಲ. "ಆಮೇಲೆ ಕೊಡ್ತೀನಿ" ಅಂದು ಎದ್ದು ಹೋಗಿ ಹಿತ್ತಲ ಕೋಣೆಗೆ ಬೀಗ ಹಾಕಿದೆ. ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ತಿರುಗಿ ನೋಡಿದರೆ ಇವರು ಕಿಟಕಿಯಿಂದ ಎಲ್ಲ ನೋಡುತ್ತಿದ್ದರು. ಆ ನೋಟವನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಕಳ್ಳನನ್ನು ನೋಡುವ ಹಾಗೆ ನೋಡಿದರು.

ಆಮೇಲೆ ಅಡುಗೆಮನೆಯ ಚಾಕುಗಳನ್ನೂ ಮೇಲಿನ ಅಟ್ಟದಲ್ಲಿ ಇಟ್ಟೆ. ನನ್ನ ಕತ್ತರಿಗಳನ್ನು ದಿಂಬಿನ ಕೆಳಗೆ.

ಜೂನ್ ೨೯

ದಿನಾ ಕೇಳುತ್ತಾರೆ. "ಗರಗಸ." ನಾನು ಕೇಳದವಳ ಹಾಗೆ ಮಿಷನ್ನು ತುಳಿಯುತ್ತೇನೆ. ಗಂಜಿಯನ್ನು ಮಾತ್ರ ಈಗ ತಮ್ಮ ಎಡಗೈಯಿಂದಲೇ ತಿನ್ನುತ್ತಾರೆ.

ಜುಲೈ ೪

ಮಗಳಿಗೆ ಹೇಳಲೇಬೇಕಾಯಿತು. ಎಷ್ಟು ದಿನ ಅಂತ ಒಬ್ಬಳೇ ಉಗುಳು ನುಂಗಿಕೊಂಡಿರುವುದು. ಫೋನಿನಲ್ಲಿ ಅತ್ತುಬಿಟ್ಟೆ. ಅವಳು, "ಯಾಕೆ ಅಂತ ಕೇಳಿದ್ಯಾ ಅಪ್ಪನ್ನ?" ಅಂದಳು.

"ಏನಂತ ಕೇಳ್ಲಿ? ಪ್ರಾಣ ತಕ್ಕೊಳ್ಳೋಕಾ ಅಂತ ಕೇಳ್ಲಾ?"

"ಹಾಗೇ ಕೇಳು. ಏನಾದ್ರೂ ಒಂದು ಕೇಳಮ್ಮ. ಆರು ತಿಂಗಳಿಂದ ನೀನು ಅವರನ್ನ ಏನೂ ಕೇಳಿಲ್ಲ."

ಅವಳಿಗೇನು ಗೊತ್ತು. ಹಸಿವಾ, ನೀರು ಬೇಕಾ, ಮಗ್ಗುಲಾಗ್ತೀರಾ, ದಿನಕ್ಕೆ ನೂರು ಸಲ ಕೇಳುತ್ತೇನೆ.

ಜುಲೈ ೬, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಬೆಳಿಗ್ಗೆ ಮತ್ತೆ ಕೇಳಿದರು. ಮಿಷನ್ನು ನಿಲ್ಲಿಸಿದೆ. "ಯಾಕ್ರೀ?" ಅಂದೆ.

ಇವರು ಎಡಗೈಯಿಂದ ಗಾಲಿ ತಿರುಗಿಸುತ್ತ, ಎಡಗಾಲಿನಿಂದ ನೆಲ ತಳ್ಳುತ್ತ ಹಿತ್ತಲ ಬಾಗಿಲಿಗೆ ಹೋಗಿ ನಿಂತರು. ನಾನು ಹಿಂದೆ ಹೋದೆ. ಹಲಗೆಯ ಇಳಿಜಾರಿನ ಮೇಲೆ ಕುರ್ಚಿ ತಳ್ಳಿದೆ. ಎಷ್ಟು ಸುಲಭವಾಗಿ ಹೋಯಿತು ಅಂದರೆ, ನನಗೆ ಮೈಯೆಲ್ಲ ಉರಿಯಿತು. ಬೀಗ ತೆಗೆದೆ. ಒಳಗೆ ಗಾಳಿ ಆಡದೆ ಮುಗ್ಗಲು ವಾಸನೆ.

ಕಂಬಿಯ ಕಡೆ ತಿರುಗಿ ಕೂಡ ನೋಡಲಿಲ್ಲ. ನೇರ ಮೇಜಿನ ಹತ್ತಿರ ಹೋದರು. ಅದರ ಮೇಲೆ ಬಿದ್ದಿದ್ದ ಪೆನ್ಸಿಲನ್ನು ಕೈ ಚಾಚಿ ತಡವಿ ತಡವಿ ತೆಗೆದುಕೊಂಡರು. ಕುರ್ಚಿಯ ಕೈಯನ್ನು ಮೇಜಿನ ಕಾಲಿಗೆ ತಾಗಿಸಿ, ಕೈಗಿಂತ ಸ್ವಲ್ಪ ಮೇಲೆ ಒಂದು ಗೆರೆ ಎಳೆದರು. ಎಡಗೈಯ ಗೆರೆ, ಸೊಟ್ಟ. ಥೂ ಅಂತ ಅಳಿಸಿ ಮತ್ತೆ ಎಳೆದರು. ಆಮೇಲೆ ಮೇಜಿನ ಹಲಗೆಗೂ ಗೆರೆಗೂ ನಡುವೆ ಗೇಣು ಹಾಕಿ ನೋಡಿ, ಅಷ್ಟನ್ನೇ ಕಾಲಿನ ಬುಡದಿಂದ ಮೇಲಕ್ಕೆ ಹಾಕಿ ಅಲ್ಲೊಂದು ಗೆರೆ ಎಳೆದರು.

"ಇಲ್ಲಿ. ನಾಲ್ಕೂ ಕಾಲು. ಕತ್ತರಿಸು."

ನನಗೆ ತಿಳಿಯಿತು. ತಿಳಿದ ಮೇಲೆ ಹೆದರಿಕೆ ಹೋಗಬೇಕಿತ್ತಲ್ಲ, ಹೋಗಲಿಲ್ಲ. ಬೇರೆ ಹೆದರಿಕೆ ಬಂತು.

"ಈಗ ಕತ್ತರಿಸಿದ್ರೆ, ನೀವು ಎದ್ದು ನಿಂತಾಗ ಮೇಜು ಮೊಣಕಾಲಿಗೆ ಬರುತ್ತೆ ರೀ. ಸೊಂಟ ಹೋಗುತ್ತೆ" ಅಂದೆ.

"ಏಳಲ್ಲ ಕಣೇ."

ಎಷ್ಟು ಮೆಲ್ಲಗೆ ಅಂದರು. ಬೈದಿದ್ದರೆ ಚೆನ್ನಾಗಿತ್ತು.

"ಹಾಗನ್ಬೇಡಿ. ಒಂದು ವರ್ಷ ಆದ್ಮೇಲೆ ಕಾಲು ಬಂದೋರೂ ಇದ್ದಾರಂತೆ."

"ಏಳಲ್ಲ." ಉಸಿರು ತೆಗೆದುಕೊಂಡರು. ಒಂದೊಂದೇ ಮಾತನ್ನು ಹೊರಗೆ ತಳ್ಳಿದರು. "ಇಷ್ಟು ದಿನ... ನಿನಗೋಸ್ಕರ ಎದ್ದೆ."

ನಾನು ಆ ಹಲಗೆಯ ನೆಲದ ಮೇಲೆ ಕೂತುಬಿಟ್ಟೆ. ಮೇಜಿನ ಕಾಲನ್ನು ಹಿಡಿದುಕೊಂಡು ಅತ್ತೆ. ಕಂಬಿಯ ಮಧ್ಯೆ ಇವರನ್ನು ತಳ್ಳಿದ್ದು, ಕೆಸರು, ತಗ್ಗಿನ ಕೋಣೆ ತೋರಿಸುತ್ತಿದ್ದ ಆ ಕೈ, ಎಲ್ಲ ಒಟ್ಟಿಗೆ ಬಂತು. ಅದನ್ನೆಲ್ಲ ಬಾಯಿಬಿಟ್ಟು ಹೇಳಲು ಹೋದೆ. ಇವರು ಕೇಳಿಸಿಕೊಳ್ಳಲಿಲ್ಲ. ತಲೆಯ ಮೇಲೆ ಕೈಯಿಟ್ಟರು, ಅದೂ ಸಮಾಧಾನಕ್ಕಲ್ಲ, "ಏಳು, ಗರಗಸ ತಾ" ಅನ್ನುವುದಕ್ಕೆ.

ಮೇಜನ್ನು ಅಡ್ಡ ಕೆಡವಿದೆ, ಒಬ್ಬಳೇ. ಗರಗಸ ತಂದೆ. ನಾನು ಜೀವಮಾನದಲ್ಲಿ ಮರ ಕೊಯ್ದವಳಲ್ಲ. ಮೊದಲನೇ ಕಾಲಿಗೆ ಇಟ್ಟು ಎಳೆದರೆ ಗರಗಸ ಕುಣಿಯಿತು.

"ಒತ್ತಬೇಡ. ಅದರ ಪಾಡಿಗೆ ಬಿಡು" ಅಂದರು.

"ಬಿಟ್ರೆ ಹೋಗಲ್ಲ."

"ಹೋಗುತ್ತೆ. ನೀನು ಬಿಡ್ಬೇಕಲ್ಲ."

ಎಡಗೈಯಿಂದ ಕಾಲನ್ನು ಅದುಮಿ ಹಿಡಿದರು. ಆ ಕೈಗೆ ಇಷ್ಟು ಬಲ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಆರು ತಿಂಗಳೂ ನಾನು ನೋಡಿದ್ದು ಬಲಗೈಯನ್ನು. ಕೊಯ್ದೆ. ತುಂಡು ಕಳಚಿ ನೆಲಕ್ಕೆ ಬಿತ್ತು. ಇನ್ನು ಅಂಟಿಸಲು ಬರುವುದಿಲ್ಲ. ಆದರೂ ಕೈ ನಿಲ್ಲಿಸಲಿಲ್ಲ. ಎರಡನೆಯದು ಗೆರೆ ಬಿಟ್ಟು ಹೋಯಿತು, ಬೈಸಿಕೊಂಡೆ. ಮೂರನೆಯದು ಪರವಾಗಿಲ್ಲ ಅಂದರು. ನಾಲ್ಕನೆಯದಕ್ಕೆ ಏನೂ ಅನ್ನಲಿಲ್ಲ.

ಮೇಜನ್ನು ಎತ್ತಿ ನಿಲ್ಲಿಸಿದೆ. ಒಂದು ಕಾಲು ಗಿಡ್ಡವಾಗಿ ಕುಂಟುತ್ತಿತ್ತು, ಅದರಡಿಗೆ ಹಲಗೆಯ ಚೂರು ಕೊಟ್ಟೆ. ಇವರು ಕುರ್ಚಿಯನ್ನು ಮುಂದೆ ತಂದರು. ಮೊಣಕಾಲು ಮೇಜಿನ ಕೆಳಗೆ ಹೋಯಿತು, ಹೊಟ್ಟೆ ಅಂಚಿಗೆ ತಾಗಿತು, ಮೊಣಕೈ ಹಲಗೆಯ ಮೇಲೆ ಸಲೀಸಾಗಿ ಕೂತಿತು. ಎಡಗೈಯಿಂದ ಬಲಗೈಯನ್ನು ಎತ್ತಿ ತಂದು ಅದನ್ನೂ ಮೇಜಿನ ಮೇಲೆ, ಒಂದು ಮರದ ತುಂಡಿನ ಮೇಲೆ ಇಟ್ಟರು, ತುಂಡು ಜಾರದ ಹಾಗೆ ಅದುಮುವ ಭಾರಕ್ಕೆ. ಕೆಲಸಕ್ಕೆ ಬಾರದ ಕೈಗೂ ಒಂದು ಕೆಲಸ ಹುಡುಕಿಟ್ಟಿದ್ದರು. ಯಾವಾಗಿನಿಂದ ಯೋಚಿಸುತ್ತಿದ್ದರೋ ಏನೋ, ಆ ಕಿಟಕಿಯ ಹತ್ತಿರ ಕೂತು.

ಉಪ್ಪುಕಾಗದ ಕೊಟ್ಟೆ. ನೀರು ಬೇಕಾ ಅಂದೆ. ಹಿಂದೆ ದಿಂಬು ಇಡಲಾ ಅಂದೆ. ಫ್ಯಾನು ಹಾಕಲಾ ಅಂದೆ.

"ಹೋಗು," ಅಂದರು. "ಬೆಳಕಿಗೆ ಅಡ್ಡ ನಿಂತಿದ್ದೀಯ."

ಹೊರಗೆ ಬಂದೆ. ಬಾಗಿಲು ಎಳೆದುಕೊಂಡೆ. ಇಳಿಜಾರಿನ ತುದಿಯಲ್ಲಿ ಕೂತೆ. ಮನೆಯೊಳಗೆ ಹೋಗಲು ಕಾಲು ಬರಲಿಲ್ಲ, ಮಿಷನ್ನಿನ ಮೇಲೆ ಕೆಲಸ ಬಿದ್ದಿತ್ತು, ಆದರೂ. ಒಳಗಿನಿಂದ ಮರ ಉಜ್ಜುವ ಸದ್ದು ಬರುತ್ತಿತ್ತು. ನಾಲ್ಕು ಸಲ ಉಜ್ಜಿದರೆ ಸ್ವಲ್ಪ ಹೊತ್ತು ಇಲ್ಲ, ಮತ್ತೆ ನಾಲ್ಕು ಸಲ.

ಆಮೇಲೆ ಏನೋ ಧಡ್ ಅಂತ ಬಿತ್ತು. ಉಜ್ಜುವ ಸದ್ದು ನಿಂತುಹೋಯಿತು. ಕುರ್ಚಿ ಕಿರುಗುಟ್ಟಿತು, ಬಗ್ಗುತ್ತಿದ್ದಾರೆ ಅಂತ ಗೊತ್ತಾಯಿತು. ಒಂದು ಸಲ, ಎರಡು ಸಲ. ನಡುವೆ ಏದುಸಿರು. ನನ್ನ ಕೈ ಬಾಗಿಲಿನ ಹಿಡಿಯ ಮೇಲಿತ್ತು.

ನಾನು ಒಳಗೆ ಹೋಗಲಿಲ್ಲ.